ನೂರಿಗೆ ಕತ್ತಲು ಕುಡಿಸದ ಸಂಜೆ

ಹಿರೇವಡ್ಡಟ್ಟಿಯ ಒಕ್ಕಲು ಮನೆಯೊಂದರ ಕಿರಿಯ ಮಗ ಹೊಳೆಯಪ್ಪನಿಗೆ ಹೊತ್ತು ಮುಳುಗಿದ ಮೇಲೆ ಕಣ್ಣು ಕಾಣುತ್ತಿರಲಿಲ್ಲ. ಹಗಲಿನಲ್ಲಿ ಎರೆ ಹೊಲದ ಆ ತುದಿಯಲ್ಲಿ ಕೂತ ಬೆಳವನ ಹಕ್ಕಿಯನ್ನು ಈ ತುದಿಯಿಂದ ತೋರಿಸುತ್ತಿದ್ದ ಹುಡುಗ, ದೀಪ ಹಚ್ಚುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿದ್ದ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಅವನ ದೊಡ್ಡಪ್ಪನಿಗೂ ಹೀಗೇ ಇತ್ತಂತೆ. ಆತ ಬಾಯಿಬಿಟ್ಟು ಹೇಳಿದ್ದೇ ತಪ್ಪಾಗಿ, ಹಗಲು ಹೊತ್ತಿನಲ್ಲೂ ಊರು ಅವನನ್ನು ಕುರುಡ ಎಂದೇ ಕರೆಯಿತು. ಯಾರೂ ಹೆಣ್ಣು ಕೊಡಲಿಲ್ಲ. ಎಲ್ಲರದೂ ಊಟವಾದ ಮೇಲೆ ಉಳಿದದ್ದನ್ನು ಕೊಟ್ಟಿಗೆಯಲ್ಲಿ ಉಂಡು, ಅಲ್ಲೇ ದನಗಳ ನಡುವೆ ಸತ್ತ.

ಅದನ್ನು ನೋಡಿ ಬೆಳೆದ ಹೊಳೆಯಪ್ಪ ಬಾಯಿ ಕಟ್ಟಿಕೊಂಡ. ಜೋಳದ ಹೊಲ ಕಾಯಲು ಅಣ್ಣಂದಿರು ರಾತ್ರಿ ಕಳಿಸಿದರೆ ಹೋಗಿ ಅಟ್ಟದ ಮೇಲೆ ಮಲಗಿಬಿಡುತ್ತಿದ್ದ. ಹಂದಿಗಳು ತಿಂದು ಹೋಗುತ್ತಿದ್ದವು, ಬೆಳಿಗ್ಗೆ ಅಣ್ಣಂದಿರು ಬೈಯುತ್ತಿದ್ದರು. ಸೋಮಾರಿ, ಮೈಗಳ್ಳ, ದೀಪ ಹಚ್ಚಿದ ಕೂಡಲೇ ಹಾಸಿಗೆ ಹುಡುಕುವವ ಎಂದೆಲ್ಲ ಹೆಸರು ಬಂತು. ಅವನು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡ. ಮೈಗಳ್ಳನಿಗೆ ಊಟವಾದರೂ ಪಂಕ್ತಿಯಲ್ಲಿ ಸಿಗುತ್ತದೆ ಎಂದು ಅವನ ಲೆಕ್ಕ. ಕೆಟ್ಟ ಹೆಸರಾದರೂ ಬರಲಿ, ಆ ಹೆಸರು ಬೇಡ ಎಂಬ ಈ ಬುದ್ಧಿ ಅವನಿಗೆ ಹತ್ತಿದ್ದು ಆಗಲೇ. ಮುಂದೆ ಅವನನ್ನು ಹಾಳು ಮಾಡಿದ್ದೂ ಅದೇ ಬುದ್ಧಿ.

ಮೀಸೆ ಮೂಡುವ ಹೊತ್ತಿಗೆ ಮನೆಯವರಿಗೆ ಅವನು ಸಾಕಾಗಿದ್ದ. ಲಕ್ಷ್ಮೇಶ್ವರಕ್ಕೆ ಹೋಗಿ ಮಹಬೂಬಸಾಬ ಎಂಬ ಟಾಂಗಾದವನ ಲಾಯದಲ್ಲಿ ಕೆಲಸಕ್ಕೆ ನಿಂತ. ಮಹಬೂಬಸಾಬ ಲಕ್ಷ್ಮೇಶ್ವರಕ್ಕೂ ಶಿರಹಟ್ಟಿಗೂ ನಡುವೆ ಟಾಂಗಾ ಹೊಡೆಯುತ್ತಿದ್ದ. ಮಾತು ಕಡಿಮೆ, ಕುದುರೆಗಳ ಮೇಲೆ ಜೀವ. ಹೊಳೆಯಪ್ಪ ಅಲ್ಲಿಯೂ ತನ್ನ ಕಣ್ಣಿನ ಸಂಗತಿ ಮುಚ್ಚಿಟ್ಟ. ಆದರೆ ಒಂದು ಸಂಜೆ ಕುದುರೆಗೆ ಹುರುಳಿ ಹಾಕುವಾಗ, ಚೀಲದ ಬಾಯಿ ಬಿಟ್ಟು ಪಕ್ಕದ ನೆಲಕ್ಕೆ ಸುರಿಯುತ್ತ ನಿಂತುಬಿಟ್ಟ.

"ಬೇಟಾ, ಎಷ್ಟು ವರ್ಷ ಆತು ಹಿಂಗ?" ಎಂದ ಮಹಬೂಬಸಾಬ.

"ಏನು ಹಿಂಗ?"

"ಸುಳ್ಳ ಹೇಳಬ್ಯಾಡ. ಚೀಲ ನಿನ್ನ ಮಾರಿ ಮುಂದ ಐತಿ, ನೀ ನೆಲಕ್ಕ ಉಣಸಾಕ ಹತ್ತಿ."

ಹೊಳೆಯಪ್ಪ ಅಳತೊಡಗಿದ. ನಾಳೆ ಬೆಳಿಗ್ಗೆ ಗಂಟು ಕಟ್ಟುವುದೇ ಸೈ ಎಂದುಕೊಂಡ. ಮಹಬೂಬಸಾಬ ನೆಲದ ಮೇಲಿನ ಹುರುಳಿಯನ್ನು ತಾನೇ ಬಳಿದು ಚೀಲಕ್ಕೆ ತುಂಬಿದ. ಆಮೇಲೆ ಹೇಳಿದ: "ಹೊತ್ತ ಮುಣುಗಿದ್ರ ನಿನ್ನ ಕಣ್ಣು ಮುಚ್ಚತಾವು, ಕುದರಿ ಕಣ್ಣು ತೆರೀತಾವು. ಇಬ್ಬರೂ ಕೂಡಿದ್ರ ಒಬ್ಬ ಪೂರಾ ಟಾಂಗಾದವ ಆಗತೀರಿ. ಸುಮ್ಮನ ಕಲಿ."

ಕಲಿಸಿದ್ದು ಹೆಚ್ಚೇನಲ್ಲ. ಕತ್ತಲಾದ ಮೇಲೆ ಕುದುರೆಯ ಕಣ್ಣಪಟ್ಟಿ ಬಿಚ್ಚಬೇಕು. ಲಗಾಮು ಸಡಿಲ ಬಿಡಬೇಕು, ಅದು ತಲೆ ತಗ್ಗಿಸಿ, ಎತ್ತಿ, ತನಗೆ ಬೇಕಾದ ಹಾಗೆ ನೋಡಿಕೊಳ್ಳುತ್ತದೆ. ನಿಂತರೆ ನಿಲ್ಲಲು ಬಿಡಬೇಕು, ಅದು ಸುಮ್ಮನೆ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಅದಕ್ಕೆ ಮಹಬೂಬಸಾಬ ಕತ್ತಲು ಕುಡಿಸುವುದು ಎನ್ನುತ್ತಿದ್ದ.

"ಕುದರಿಗೆ ಕತ್ತಲಾಗ ಛಲೋ ಕಾಣತೈತಿ, ಖರೆ. ಆದ್ರ ಬೆಳಕಿನಾಗಿಂದ ಒಮ್ಮೆಲೆ ಕತ್ತಲಿಗಿ ತಂದ್ರ ಅದೂ ನಿನ್ನಂಗ ಕುರುಡ. ನಮಗಿಂತ ಅದಕ್ಕ ಭಾಳ ಹೊತ್ತು ಹತ್ತತೈತಿ. ಮದುವಿ ಮೆರವಣಿಗಿ ಗ್ಯಾಸಬತ್ತಿ ಮುಂದ ನಿಲ್ಲಿಸಿದ್ದಿ ಅಂತ ತಿಳಿ. ಹೊಂಡೂ ಮುಂಚೆ ಯಾವುದರ ಮನಿ ಹಿತ್ತಲಕ್ಕ ಒಯ್ಯಿ. ನೀ ಉಂಡು, ಎಲಿ ಅಡಿಕಿ ಹಾಕ್ಕೊಂಡು ಉಗುಳೂ ತನಕ ಕತ್ತಲಾಗ ನಿಂದ್ರಲಿ. ಕತ್ತಲ ಕುಡೀಲಿ. ಹೊಟ್ಟಿ ತುಂಬ ಕುಡದ ಮ್ಯಾಲೆ ಅಕಿ ಕೈಯಾಗ ನಿನ್ನ ಜೀವ ಕೊಟ್ಟು ನಿದ್ದಿ ಮಾಡು."

ಸ್ವಾತಂತ್ರ್ಯ ಬಂದ ವರ್ಷ ಟಾಂಗಾ ಹತ್ತುವ ಜನ ಟಾಂಗಾದವನ ಮುಖ ನೋಡತೊಡಗಿದರು. ಅಷ್ಟು ವರ್ಷ ತಮ್ಮ ಹೆಣ್ಣುಮಕ್ಕಳನ್ನು ತವರಿಗೆ, ಬಾಣಂತನಕ್ಕೆ ಮಹಬೂಬಸಾಬನ ಟಾಂಗಾದಲ್ಲೇ ನಿಶ್ಚಿಂತೆಯಿಂದ ಕಳಿಸಿದ ಮಂದಿ, "ಇವತ್ತ ಬ್ಯಾಡ ಸಾಬ್, ನಡಕೋತ ಹೋಗತೀವಿ" ಎಂದು ಮುಖ ತಿರುವಿದರು. ಅವನು ಯಾರಿಗೆ ಏನು ಮಾಡಿದ್ದ? ಅವನ ತಪ್ಪೆಂದರೆ ಅವನ ಹೆಸರು. ಕೆಲವು ತಿಂಗಳು ಖಾಲಿ ಟಾಂಗಾ ಹೊಡೆದು, ಕೊನೆಗೆ ಟಾಂಗಾವನ್ನೂ ನೂರಿ ಎಂಬ ಹರೆಯದ ಬಿಳಿ ಹೆಣ್ಣು ಕುದುರೆಯನ್ನೂ ಹೊಳೆಯಪ್ಪನಿಗೇ ಒಪ್ಪಿಸಿದ. ಕೊಡುವಾಗ ನೂರಿಯ ಹಣೆಗೆ ಹಣೆ ಹಚ್ಚಿ ನಿಂತವನು ಒಂದೇ ಮಾತು ಹೇಳಿದ: "ಇಕಿಗಿ ಇಷ್ಟು ದಿನ ಯಾರೂ ಹೊಡದಿಲ್ಲ."

ಹೊಳೆಯಪ್ಪ ಮುಂಡರಗಿಗೆ ಬಂದು ನೆಲೆಸಿದ. ಕುರ್ತಕೋಟಿಯ ಕರೆವ್ವನನ್ನು ಮದುವೆಯಾದ. ಮದುವೆಯಾದ ವಾರದಲ್ಲೇ ಅವಳಿಗೆ ಗೊತ್ತಾಯಿತು. ಸಂಜೆ ನೀರು ಕೊಟ್ಟರೆ ಗಂಡನ ಕೈ ಚರಿಗೆಯ ಪಕ್ಕದ ಗಾಳಿಯನ್ನು ಹಿಡಿಯಿತು.  ಮರುದಿನ ಅವಳು ಮನೆಯ ಬಾಗಿಲಿನಿಂದ ಹಿತ್ತಲ ಲಾಯದ ಕಂಬದವರೆಗೆ ಒಂದು ಹಗ್ಗ ಕಟ್ಟಿದಳು. ನೋಡಿದವರಿಗೆ ಅದು ಬಟ್ಟೆ ಒಣಹಾಕುವ ಹಗ್ಗ. ಕತ್ತಲಾದ ಮೇಲೆ ಹೊಳೆಯಪ್ಪ ಅದನ್ನು ಹಿಡಿದು ನೂರಿಯ ಹತ್ತಿರ ಹೋಗಿ ಬರುತ್ತಿದ್ದ. ಊರಿನಲ್ಲಿ ಅವನ ಗುಟ್ಟು ತಿಳಿದ ಜೀವಗಳೆಂದರೆ ಕರೆವ್ವ ಮತ್ತು ನೂರಿ, ಇಬ್ಬರೇ.

ಆ ದಿನಗಳಲ್ಲಿ ಮುಂಡರಗಿಯ ಆಚೆ ಕೆಲವೇ ಹರದಾರಿಗೆ ನಿಜಾಮರ ಸೀಮೆ. ನಮ್ಮ ಕಡೆಯವರು ಅದನ್ನು ಮೊಗಲಾಯಿ ಎನ್ನುತ್ತಿದ್ದರು. ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದರೂ ಅಲ್ಲಿಗೆ ಬಂದಿರಲಿಲ್ಲ. ಅಲ್ಲಿನ ಗಲಭೆಗೆ ಹೆದರಿ ಜನ ಗಂಟುಮೂಟೆ ಹೊತ್ತು ಈಚೆ ಬರುತ್ತಿದ್ದರು. ಮುಂಡರಗಿಯಲ್ಲಿ ತರುಣರ ಒಂದು ಶಿಬಿರ ನಡೆದಿತ್ತು. ಅದರಲ್ಲಿ ಬೆಟಗೇರಿಯ ನೇಕಾರರ ಮನೆಯ ಹುಡುಗ ತೋಟಪ್ಪ ಎಂಬವನಿದ್ದ. ಮಗ್ಗದ ಕುಣಿಯಿಂದ ಎದ್ದು ನೇರ ಶಿಬಿರಕ್ಕೆ ಬಂದವನು, ಮಾತಿನಲ್ಲಿ ಬಲು ಚುರುಕು. ಗಡಿಯಲ್ಲಿ ಕಾದು ಕೂತ ಹೆಂಗಸರು, ಮಕ್ಕಳು, ನಡೆಯಲಾರದ ಮುದುಕರನ್ನು ಕತ್ತಲಾದ ಮೇಲೆ ಕರೆತರಬೇಕು. ದೀಪ ಹಚ್ಚಿದರೆ ದೂರದಿಂದಲೇ ಕಾಣುತ್ತದೆ. ಲಾಟೀನಿಲ್ಲದೆ ಯಾರು ಬರುತ್ತೀರಿ ಎಂದು ಅವನು ಟಾಂಗಾದವರನ್ನೆಲ್ಲ ಕೇಳಿದ. ಎಲ್ಲರೂ ನೆಲ ನೋಡಿದರು. ಹೊಳೆಯಪ್ಪ, "ನಾ ಬರತೇನಿ ತಮ್ಮಾ" ಎಂದ.

ಅವನಿಗೇನು, ಲಾಟೀನಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದರ ಮಂದ ಬೆಳಕು ಅವನ ಕಣ್ಣಿಗೆ ದಾರಿ ತೋರಿಸುತ್ತಿರಲಿಲ್ಲ, ನೂರಿಯ ಕಣ್ಣನ್ನು ಮಾತ್ರ ಕೆಡಿಸುತ್ತಿತ್ತು. ಊರ ಹೊರಗಿನ ಹುಣಸೆಯ ಕೆಳಗೆ ನೂರಿಗೆ ಕತ್ತಲು ಕುಡಿಸಿ, ಲಗಾಮು ಸಡಿಲ ಬಿಟ್ಟು ಕೂತರೆ, ಅವಳು ಗಾಡಿದಾರಿಯ ಕೊರಕಲು, ಬಂಡೆ, ಹಳ್ಳ ಎಲ್ಲವನ್ನೂ ಬಳಸಿ ಕರೆದೊಯ್ದು, ಕರೆತರುತ್ತಿದ್ದಳು. ಬೆನ್ನ ಹಿಂದೆ ಉಸಿರು ಬಿಗಿಹಿಡಿದ ಹೆಂಗಸರು ಇವನ ಬೆನ್ನನ್ನು ನಂಬಿ ಕೂತಿರುತ್ತಿದ್ದರು. ಇವನು ಕಾಣದ ಕಣ್ಣನ್ನು ಮುಂದಕ್ಕೆ ನೆಟ್ಟು, ಗೊರಸಿನ ಸದ್ದಿನಲ್ಲಿ ನೆಲ ತಿಳಿಯುತ್ತ ಕೂತಿರುತ್ತಿದ್ದ. ಒಂದು ಸಲವೂ ಗಾಲಿ ತಪ್ಪಲಿಲ್ಲ.

ಹೆಸರು ಹಬ್ಬಿತು. ಲಾಟೀನಿಲ್ಲದ ಹೊಳೆಯಪ್ಪ ಎಂದರೆ ಸುತ್ತ ಹತ್ತು ಹಳ್ಳಿಗೆ ಗೊತ್ತು. ತೋಟಪ್ಪ ಅವನನ್ನು ಹೊಳೆಯಣ್ಣ ಎಂದು ಬಾಯಿ ತುಂಬ ಕರೆದ. ನೂರಿಗೆ ವಿಜಯಾ ಎಂದು ಹೊಸ ಹೆಸರು ಇಡಲೂ ನೋಡಿದ. ಶಿಬಿರದ ಹುಡುಗರೆಲ್ಲ ಸೇರಿ ಕೂಗಿದರೂ ಅವಳು ಒಂದು ಕಿವಿಯನ್ನೂ ತಿರುಗಿಸದ್ದರಿಂದ ಆ ಕಾರ್ಯಕ್ರಮ ಅಲ್ಲಿಗೇ ಮುಗಿಯಿತು. ಮೊಗಲಾಯಿಯಿಂದ ಬಂದ ಒಬ್ಬ ಮುದುಕಿ ಹೊಳೆಯಪ್ಪನ ಕಾಲು ಮುಟ್ಟಿ, "ನಿನ್ನ ಕಣ್ಣು ನೂರು ವರ್ಷ ತಣ್ಣಗಿರಲಿ" ಎಂದಳು. ಅಂದು ಮನೆಗೆ ಬಂದು ಕರೆವ್ವನಿಗೆ ಈ ಮಾತು ಹೇಳಿ ನಕ್ಕ. ಅವಳು ನಗಲಿಲ್ಲ.

"ಈಗರೆ ಹೇಳಿಬಿಡ್ರಿ. ನನ್ನ ಕಣ್ಣಲ್ಲ, ನನ್ನ ಕುದರಿ ಕಣ್ಣು ಅಂತ ಹೇಳ್ರಿ. ಈಗ ಹೇಳಿದ್ರ ಮಂದಿ ಇನ್ನಷ್ಟು ಹೊಗಳತಾರ" ಎಂದಳು.

"ಹೊಗಳತಾರ? ನಮ್ಮ ಹೆಣ್ಣಮಕ್ಕಳನ್ನ ಒಬ್ಬ ಕುರುಡನ ಕೈಯಾಗ ಕೊಟ್ಟಿದ್ವಿ ಅಂತ ಅಂತಾರ. ನಾಳೆ ನಮ್ಮ ಟಾಂಗಾ ಯಾರು ಹತ್ತತಾರ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಪೂರ್ತಿ ನಿಜವೂ ಅದಲ್ಲ. ಮೈಗಳ್ಳನೆಂದು ಉಗುಳಿಸಿಕೊಂಡು ಬೆಳೆದವನಿಗೆ ಧೀರನೆನ್ನಿಸಿಕೊಳ್ಳುವುದು ರುಚಿಸಿತ್ತು. ಆ ರುಚಿಯನ್ನು ಯಾರು ತಾನೇ ತಾವಾಗಿ ಉಗುಳುತ್ತಾರೆ?

ಮೊಗಲಾಯಿ ಮುಗಿಯಿತು. ಶಿಬಿರ ಎದ್ದಿತು. ಸಂಸ್ಥಾನಗಳು ಹೋಗಿ ಲಕ್ಷ್ಮೇಶ್ವರ, ಶಿರಹಟ್ಟಿಗಳೂ ನಮ್ಮ ಜಿಲ್ಲೆಗೆ ಸೇರಿದವು. ಮಹಬೂಬಸಾಬ ತೀರಿಕೊಂಡ, ಹೊಳೆಯಪ್ಪ ಹೋಗಿ ಮಣ್ಣು ಹಾಕಿ ಬಂದ. ತೋಟಪ್ಪ ಮಗ್ಗಕ್ಕೆ ಮರಳಲಿಲ್ಲ. ಖಾದಿ ಜುಬ್ಬಾ ತೊಟ್ಟು, ಮುಂಡರಗಿಯಲ್ಲೇ ಮನೆ ಮಾಡಿ, ದಾರುಬಂದಿ ಎಂದರೆ ಪಾನನಿಷೇಧದ ಮೇಲೆ, ಏಕೀಕರಣದ ಮೇಲೆ ಭಾಷಣ ಮಾಡುತ್ತ ದೊಡ್ಡವನಾದ. ತಪ್ಪೇನಿಲ್ಲ, ಊರಿಗೆ ಅಂಥವರೂ ಬೇಕು. ಹೊಳೆಯಣ್ಣ ಎಂಬುದು ಹೊಳೆಯಪ್ಪ ಎಂದಾಯಿತು. ತಮ್ಮಾ ಎಂಬುದು ಸಾಹೇಬರ ಎಂದಾಯಿತು. ಯಾವಾಗ ಆಯಿತೆಂದು ಇಬ್ಬರಿಗೂ ನೆನಪಿರಲಿಲ್ಲ.

ಕನ್ನಡದ ಸೀಮೆಗಳೆಲ್ಲ ಒಂದಾದ ದಿನ, ಐವತ್ತಾರರ ನವೆಂಬರ ಒಂದನೆಯ ತಾರೀಖು, ಮುಂಡರಗಿಯಲ್ಲಿ ದೊಡ್ಡ ಮೆರವಣಿಗೆ. ತಾಯಿ ಭುವನೇಶ್ವರಿಯ ಚಿತ್ರವನ್ನು ನೂರಿಯ ಟಾಂಗಾದಲ್ಲೇ ಕೂಡಿಸಬೇಕೆಂದು ತೋಟಪ್ಪನ ಅಪ್ಪಣೆ. ಕರೆವ್ವ ನೂರಿಯ ಮೈ ತೊಳೆದು, ಕುತ್ತಿಗೆಗೆ ಚೆಂಡುಹೂವಿನ ಮಾಲೆ ಹಾಕಿದಳು. ಹೊತ್ತು ಇಳಿಯುತ್ತಿದ್ದಂತೆ ಮೆರವಣಿಗೆ ಹೊರಟಿತು. ಟಾಂಗಾದ ಎರಡೂ ಪಕ್ಕದಲ್ಲಿ ತಲೆಯ ಮೇಲೆ ಗ್ಯಾಸಬತ್ತಿ ಹೊತ್ತವರ ಸಾಲು. ಅಷ್ಟೊಂದು ಗ್ಯಾಸಬತ್ತಿ ಆ ಊರು ಯಾರ ಮದುವೆಯಲ್ಲೂ ಕಂಡಿರಲಿಲ್ಲ.

ಆ ಬೆಳಕಿನಲ್ಲಿ ಹೊಳೆಯಪ್ಪನಿಗೆ ಕಣ್ಣು ಕಂಡಿತು. ಹುಟ್ಟಿದಾಗಿನಿಂದ ಮೊದಲ ಸಲ ಅವನು ಒಂದು ಸಂಜೆಯನ್ನು ನೋಡಿದ. ಮಾಳಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತ ಮಕ್ಕಳು, ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು, ಬಾಯಿ ತೆರೆದು ಜಯಕಾರ ಹಾಕುವ ಗಂಡಸರು, ಎಲ್ಲ ಕಂಡರು. ಊರ ಅಗಸಿಬಾಗಿಲ ಹತ್ತಿರ ಕರೆವ್ವ ನಿಂತಿದ್ದಳು. ಹಸಿರು ಇಲಕಲ್ಲ ಸೀರೆ, ಮೂಗುಬೊಟ್ಟು ಹೊಳೆಯುತ್ತಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಸಂಜೆಯ ಹೊತ್ತಿನ ಅವಳ ಮುಖವನ್ನು ಅವನು ಇಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ. ಇವನು ನೋಡಿದ್ದು ಅವಳಿಗೂ ತಿಳಿಯಿತು. ನಾಚಿ ಸೆರಗು ಎಳೆದುಕೊಂಡಳು. ಹೊಳೆಯಪ್ಪ ಕತ್ತು ತಿರುಗಿಸಿ ನೋಡುತ್ತಲೇ ಮುಂದೆ ಸಾಗಿದ.

ಇದೇ ಸಂತೋಷ ಅವನಿಗೆ ಮುಳುವಾಯಿತು. ಮೆರವಣಿಗೆ ಮುಗಿದ ಕೂಡಲೇ ನೂರಿಯನ್ನು ಯಾವುದಾದರೂ ಹಿತ್ತಲಿಗೆ ಒಯ್ಯಬೇಕಿತ್ತು. ಒಯ್ಯಲಿಲ್ಲ. ಗ್ಯಾಸಬತ್ತಿಗಳ ನಡುವೆಯೇ ನಿಂತು, ಇನ್ನೊಂದಿಷ್ಟು ನೋಡೋಣ, ಇನ್ನೊಂದಿಷ್ಟು ನೋಡೋಣ ಎಂದು ಮುಖಗಳನ್ನು ನೋಡುತ್ತ ಉಳಿದ. ಅವನ ಕಣ್ಣು ತೆರೆಸಿದ ಬೆಳಕು ನೂರಿಯ ಕಣ್ಣು ಮುಚ್ಚಿಸುತ್ತಿದೆ ಎಂಬುದು, ಕುದುರೆಯೊಂದಿಗೇ ಬಾಳಿದ ಆ ಮನುಷ್ಯನಿಗೆ ಆ ಹೊತ್ತು ಮರೆತೇಹೋಯಿತು.

ಅಷ್ಟರಲ್ಲಿ ತೋಟಪ್ಪ ಬಂದು ಟಾಂಗಾ ಹತ್ತಿ ಕೂತ. "ನಡಿ ಹೊಳೆಯಪ್ಪ. ಹಿರೇವಡ್ಡಟ್ಟಿಯೊಳಗ ಸಭಾ ಐತಿ, ಮಂದಿ ಕಾಯಾಕ ಹತ್ಯಾರ."

ಹೊಳೆಯಪ್ಪ ಎಚ್ಚರಾದ. "ಈಗಿಂದೀಗ ಬ್ಯಾಡ್ರಿ ಸಾಹೇಬರ. ನೂರಿಗಿ ಒಂದೀಟು ಕತ್ತಲಾಗ ನಿಂದರಸಬೇಕು. ನೀವು ಊಟ ಮುಗಿಸ್ರಿ, ಅಷ್ಟರಾಗ ಆಗತೈತಿ."

"ಯಾಕ?"

"ಬೆಳಕಿನಾಗ ನಿಂತಾಳ್ರಿ. ಅಕಿಗಿ ಈಗ ಕಾಣೂದಿಲ್ಲ."

ಸುತ್ತ ನಿಂತವರು ನಕ್ಕರು. ಒಬ್ಬ ಲಾಟೀನು ತರಲು ಹೊರಟ. ತೋಟಪ್ಪ ಕೈ ಅಡ್ಡ ಹಿಡಿದು, "ಬ್ಯಾಡ, ಬ್ಯಾಡ. ಇಂವ ಯಾರು ಗೊತ್ತೈತೇನು? ಲಾಟೀನಿಲ್ಲದ ಹೊಳೆಯಪ್ಪ. ನಲವತ್ತೆಂಟರಾಗ ನಾ ಇವನ ಬಾಜೂಕ ಕುಂತು ಗಡಿ ಮುಟ್ಟಿ ಬಂದೇನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಆಮೇಲೆ ಹೊಳೆಯಪ್ಪನಿಗೆ: "ಅಕಿಗಿ ಕಾಣದಿದ್ರೇನಾತು? ನಿನ್ನ ಕಣ್ಣು ಎಲ್ಲಿ ಹೋಗ್ಯಾವು? ನೀ ನೋಡಿ ಹೊಡಿ."

ಈ ಮಾತಿಗೆ ಹೊಳೆಯಪ್ಪನಲ್ಲಿ ಒಂದೇ ಒಂದು ಉತ್ತರವಿತ್ತು. ಅದನ್ನು ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಎಷ್ಟೋ ಜನ ಸುತ್ತ ನಿಂತು ಅವನ ಮುಖವನ್ನೇ ನೋಡುತ್ತಿದ್ದರು, ಮತ್ತು ಆ ಸಂಜೆ ಅವನಿಗೆ ಆ ಮುಖಗಳೆಲ್ಲ ಕಾಣುತ್ತಿದ್ದವು. ಅವನು ಲಗಾಮು ಹಿಡಿದು ಟಾಂಗಾ ಹತ್ತಿದ.

ಊರ ಬೆಳಕು ಹಿಂದಾದ ಕೂಡಲೇ ಹೊಳೆಯಪ್ಪನಿಗೆ ಎಲ್ಲ ಕಪ್ಪಾಯಿತು. ನೂರಿಯ ಹೆಜ್ಜೆ ಎಂದಿನಂತಿರಲಿಲ್ಲ. ಒಂದು ಹೆಜ್ಜೆ ಇಟ್ಟು, ತಡೆದು, ಇನ್ನೊಂದು ಇಡುತ್ತಿದ್ದಳು. ತೋಟಪ್ಪ ಹಿಂದಿನಿಂದ ಭಾಷಣದ ಮಾತುಗಳನ್ನು ಬಾಯಲ್ಲೇ ರೂಢಿ ಮಾಡಿಕೊಳ್ಳುತ್ತಿದ್ದ. ಊರ ಹೊರಗಿನ ಹಳ್ಳದ ಹತ್ತಿರ ಹೊಸ ಮೋರಿ ಕಟ್ಟಲು ರಸ್ತೆ ಅಗೆದಿದ್ದರು. ಅಗೆದವರು ಅಡ್ಡ ಒಂದು ಕಲ್ಲನ್ನೂ ಇಟ್ಟಿರಲಿಲ್ಲ. ತಗ್ಗಿನ ಪಕ್ಕ ಬಳಸುದಾರಿ ಇದ್ದದ್ದು ಹೊಳೆಯಪ್ಪನಿಗೆ ಗೊತ್ತಿತ್ತು. ಬೆಳಿಗ್ಗೆ ತಾನೇ ಅದರಲ್ಲಿ ಹಾದು ಬಂದಿದ್ದ. ಆದರೆ ಈಗ ಎಷ್ಟು ದೂರ ಬಂದೆವೆಂದು ತಿಳಿಯಲಿಲ್ಲ.

ನೂರಿ ನಿಂತಳು. ತಲೆ ತಗ್ಗಿಸಿ ಮೂಗಿನಿಂದ ಫುರ್ರೆಂದಳು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು.

"ಯಾಕ ನಿಂತಿ?" ಎಂದ ತೋಟಪ್ಪ.

"ಸ್ವಲ್ಪ ತಡೀರಿ ಸಾಹೇಬರ. ಅಕಿ ನಿಂತಾಳ ಅಂದ್ರ ಏನರೆ ಇರತೈತಿ."

"ದಾರಿಯೊಳಗ ಏನೈತಿ ಅಂತ ನಿನಗ ಕಾಣವಲ್ಲದೇನು?"

ಹೊಳೆಯಪ್ಪ ಲಗಾಮನ್ನು ಇನ್ನಷ್ಟು ಸಡಿಲ ಬಿಟ್ಟ.

"ನಿನಗ ಕಾಣವಲ್ಲದೇನು ಅಂತ ಕೇಳೇನಿ."

"ಕಾಣತೈತ್ರಿ" ಎಂದ ಹೊಳೆಯಪ್ಪ. "ದಾರಿ ಸಾಫ್ ಐತ್ರಿ."

"ಮತ್ತ ಹೊಡಿ."

ಚಾಬೂಕು ಟಾಂಗಾದ ಮೂಲೆಯಲ್ಲಿ ಬರೀ ಅಲಂಕಾರಕ್ಕೆ ನಿಂತಿರುತ್ತಿತ್ತು. ಹೊಳೆಯಪ್ಪ ಅದನ್ನು ತಡವಿ ಎತ್ತಿ ನೂರಿಗೆ ಹೊಡೆದ. ಅವಳು ಓಡಲಿಲ್ಲ. ಏಟು ಎಲ್ಲಿಂದ ಬಂತೆಂದು ತಿಳಿಯದವಳಂತೆ ಕತ್ತು ಹೊರಳಿಸಿದಳು, ಕೊರಳ ಗೆಜ್ಜೆ ಅವನ ಕಡೆಗೆ ಸದ್ದು ಮಾಡಿತು. ಅವನು ಮತ್ತೆ ಹೊಡೆದ. ಆಗ ಅವಳು ಮುಂದೆ ಹೋದಳು.

ಟಾಂಗಾ ತಗ್ಗಿಗೆ ಉರುಳುವ ಹೊತ್ತಿಗೆ ತೋಟಪ್ಪ ಹಾರಿಕೊಂಡಿದ್ದರಿಂದ ಮೊಣಕೈ ತರಚಿದ್ದು ಬಿಟ್ಟರೆ ಅವನಿಗೇನೂ ಆಗಲಿಲ್ಲ. ಹೊಳೆಯಪ್ಪ ತಗ್ಗಿನೊಳಗೆ ಮಣ್ಣಿನ ಮೇಲೆ ಬಿದ್ದ. ಟಾಂಗಾದ ಮೂಕಿ ಮುರಿದಿತ್ತು. ನೂರಿ ಏಳಲು ನೋಡಿ ನೋಡಿ ಬೀಳುವ ಸದ್ದು ಕೇಳುತ್ತಿತ್ತು. ಆ ಸದ್ದಿನ ಕಡೆಗೆ ಅವನು ಕೈಕಾಲೂರಿ ಹರಿದಾಡಿದ. ಕಲ್ಲಿಗೆ ಹಣೆ ಬಡಿಯಿತು. ಕೊನೆಗೆ ಅವಳ ಕುತ್ತಿಗೆ ಸಿಕ್ಕಿತು, ಹರಿದ ಹೂಮಾಲೆ ಸಿಕ್ಕಿತು, ಕೆಳಗೆ ಮುಂಗಾಲು ಸಿಕ್ಕಿತು. ಕಾಲು ಬಾಗಬಾರದ ಕಡೆಗೆ ಬಾಗಿತ್ತು.

ತೋಟಪ್ಪ ಜುಬ್ಬಾದ ಕಿಸೆಯಿಂದ ಬ್ಯಾಟರಿ ತೆಗೆದು ಬೆಳಕು ಬಿಟ್ಟ. "ಊರಿಗೆ ಓಡು. ಮಂದೀನ್ನ ಕರಕೊಂಡು ಬಾ" ಎಂದ.

ಹೊಳೆಯಪ್ಪ ಎದ್ದ. ಒಂದು ಹೆಜ್ಜೆ ಇಟ್ಟು ತಗ್ಗಿನ ಗೋಡೆಗೆ ಹಾಯ್ದ. ತಿರುಗಿ ಇನ್ನೊಂದು ಕಡೆ ಹೋಗಿ ಖಡಿಕಲ್ಲಿನ ಗುಂಪಿಯ ಮೇಲೆ ಬಿದ್ದ. ತೋಟಪ್ಪ ಬ್ಯಾಟರಿಯನ್ನು ಅವನ ಮುಖಕ್ಕೆ ಹಿಡಿದು ಹತ್ತಿರ ಬಂದ.

"ಕುಡದೀಯೇನಲೇ?"

ಆ ಬೆಳಕಿನ ಆಚೆ ಹೊಳೆಯಪ್ಪನಿಗೆ ಏನೂ ಕಾಣಲಿಲ್ಲ. ಕೊಟ್ಟಿಗೆಯಲ್ಲಿ ತಟ್ಟೆ ತಡವುತ್ತಿದ್ದ ದೊಡ್ಡಪ್ಪನ ಕೈ ಮಾತ್ರ ಕಂಡಿತು.

"ಹೂಂರಿ" ಎಂದ. "ಹಬ್ಬ ಅಂತ ಒಂದೀಟು ಕುಡದಿದ್ದೆ."

ದಾರುಬಂದಿ ಇದ್ದ ಕಾಲ ಅದು. ಕುಡಿದದ್ದೇ ಅಪರಾಧ, ಕುಡಿದು ಟಾಂಗಾ ಹೊಡೆದದ್ದು ಅದಕ್ಕಿಂತ ದೊಡ್ಡದು. ತೋಟಪ್ಪ ಫೌಜದಾರನಿಗೆ, "ನನ್ನದೇನು ತಕರಾರಿಲ್ಲ, ಆದ್ರ ಕಾಯ್ದೆ ಕಾಯ್ದೆನ ನೋಡ್ರಿ" ಎಂದನಂತೆ. ಪೊಲೀಸರು ಹೊಳೆಯಪ್ಪನನ್ನು ಹಿಡಿದು ಕೂಡಿಹಾಕಿದರು. ಅವನ ಬಾಯಿ ಮೂಸಿ ನೋಡುವ ತೊಂದರೆಯನ್ನು ಯಾರೂ ತೆಗೆದುಕೊಳ್ಳಲಿಲ್ಲ. ಒಪ್ಪಿಕೊಂಡವನ ಬಾಯಿ ಯಾಕೆ ಮೂಸಬೇಕು? ಅವನು ಕಂಬಿ ಹಿಡಿದು, ಯಾರಾದರೂ ಹೋಗಿ ಕುದುರೆಯ ಹತ್ತಿರ ಕೂಡ್ರಿರಿ ಎಂದು ಬಂದವರನ್ನೆಲ್ಲ ಕೇಳಿಕೊಂಡ.

ಕೂತವಳು ಕರೆವ್ವ. ಸುದ್ದಿ ತಿಳಿದ ಕೂಡಲೇ ಹೋಗಿದ್ದಳು. ಗದಗಿನಿಂದ ದನದ ಡಾಕ್ಟರು ಬರುವ ಹೊತ್ತಿಗೆ ಮರುದಿನದ ಬಿಸಿಲು ನೆತ್ತಿಗೇರಿತ್ತು. ಅವರು ನೋಡಿ ತಲೆಯಾಡಿಸಿ, ನರಳಾಟ ಮುಗಿಸುವ ಸೂಜಿ ಚುಚ್ಚಿದರು.

ಬಿಡುಗಡೆಯಾಗಿ ಬಂದ ದಿನ ಹೊಳೆಯಪ್ಪ ಹೆಂಡತಿಯನ್ನು ಕೇಳಿದ: "ಹೆಂಗ ಹೋದ್ಲು?"

"ಬಿಸಿಲು ಕಣ್ಣಿಗಿ ಬೀಳಬಾರದಂತ ಸೆರಗ ಅಡ್ಡ ಹಿಡದು ಕುಂತಿದ್ದೆ. ಯಾರರೆ ನಡಕೋತ ಬಂದ್ರ ಕಿವಿ ಎತ್ತತಿದ್ಲು. ನೀವಲ್ಲ ಅಂತ ತಿಳದ ಮ್ಯಾಲೆ ಇಳಸತಿದ್ಲು" ಎಂದಳು ಕರೆವ್ವ. ಆಮೇಲೆ ಕೇಳಿದಳು: "ಬೆನ್ನ ಮ್ಯಾಲೆ ಬಾಸುಂಡಿ ಎದ್ದಿದ್ವು. ಯಾರು ಹೊಡದ್ರು?"

ಮಹಬೂಬಸಾಬ ಆಗಲೇ ಮಣ್ಣಾದದ್ದು ಒಳ್ಳೆಯದಾಯಿತು. ಅವನಿಗೆ ಹೇಳಬೇಕಾದ ಉತ್ತರವನ್ನು ಹೊಳೆಯಪ್ಪ ಹೆಂಡತಿಗೆ ಹೇಳಿದ. ಆ ದಿನ ಕರೆವ್ವ ಒಲೆ ಹಚ್ಚಲಿಲ್ಲ.

ಟಾಂಗಾದ ಪರವಾನಗಿ ಹೋಯಿತು. ಬಸ್ಸುಗಳು ಬಂದವು. ಹೊಳೆಯಪ್ಪ ಬಸ್ ನಿಲ್ದಾಣದಲ್ಲಿ ಹಮಾಲಿ ಮಾಡಿದ. ಹೊತ್ತು ಇಳಿಯುತ್ತಿದ್ದಂತೆ, ಕಣ್ಣು ಪೂರ್ತಿ ಕೈಕೊಡುವ ಮೊದಲು ಮನೆ ಸೇರಬೇಕೆಂದು ಅವಸರದಿಂದ ಹೊರಡುತ್ತಿದ್ದ. ಹೋಗುತ್ತ ಹೋಗುತ್ತ ಹೆಜ್ಜೆ ತಪ್ಪುತ್ತಿತ್ತು. "ಹೊತ್ತು ಮುಣುಗಿದ್ರ ಸಾಕು, ಇವನ ಗಂಟಲ ಒಣಗತೈತಿ ನೋಡ್ರಿ" ಎಂದು ನಿಲ್ದಾಣದ ಜನ ನಗುತ್ತಿದ್ದರು. ಲಾಟೀನಿಲ್ಲದ ಹೊಳೆಯಪ್ಪ ಎಂಬ ಹೆಸರು ಎಲ್ಲಿಗೆ ಹೋಯಿತೋ, ಕುಡುಕ ಹೊಳೆಯಪ್ಪ ಎಂಬುದು ಗಟ್ಟಿಯಾಗಿ ನಿಂತಿತು. ಹುಟ್ಟಿದಾಗಿನಿಂದ ಒಂದು ಹನಿ ಸೆರೆ ಮುಟ್ಟದ ಮನುಷ್ಯ ಅವನು.

ಕೆಲವು ವರ್ಷಗಳ ಮೇಲೆ ಮತ್ತೊಂದು ನವೆಂಬರಿನಲ್ಲಿ ನಿಲ್ದಾಣದ ಮುಂದೆಯೇ ಸಭೆ. ತೋಟಪ್ಪ ಕುಡಿತದ ಕೇಡಿನ ಬಗ್ಗೆ ಮಾತಾಡುತ್ತಿದ್ದ. "ಗಡಿಯಾಚೆಯಿಂದ ನಮ್ಮ ತಾಯಂದಿರನ್ನು ದೀಪವಿಲ್ಲದೆ ಕರೆತಂದ ಒಬ್ಬ ಧೀರ ಇದೇ ಊರಿನಲ್ಲಿದ್ದ. ಅಂಥವನನ್ನೂ ಸೆರೆ ತಿಂದುಹಾಕಿತು. ಹೆಸರು ಹೇಳು ಅನ್ನಬೇಡಿ, ನನಗೆ ದುಃಖವಾಗುತ್ತದೆ" ಎಂದ. ಎಲ್ಲರ ತಲೆ ಹಮಾಲರು ಕೂತ ಕಡೆ ಹೊರಳಿತು. ಹೊಳೆಯಪ್ಪ ಎದ್ದ. ಹೊತ್ತು ಮುಳುಗಿತ್ತು. ಕೂತವರ ಕೈಕಾಲು ತುಳಿಯುತ್ತ, ಬೈಸಿಕೊಳ್ಳುತ್ತ ಹೊರಬಂದ.

ನಿಲ್ದಾಣದ ವಿದ್ಯುತ್ ದೀಪದ ಬೆಳಕು ಮುಗಿಯುವಲ್ಲಿ ಕರೆವ್ವ ಎಂದಿನಂತೆ ಕಾಯುತ್ತಿದ್ದಳು. ಅವನ ಮುಂಗೈ ಹಿಡಿದಳು. ಹಿಂದೆ ಯಾರೋ ಹೆಂಗಸು, "ಪಾಪ, ಏನು ಕರ್ಮ ಮಾಡಿದ್ಲೋ, ದಿನಾ ಆ ಕುಡುಕನ್ನ ಹಿಡಕೊಂಡು ಹೋಗೂದಾತು" ಎಂದದ್ದು ಇಬ್ಬರಿಗೂ ಕೇಳಿಸಿತು.

"ಹೇಳಿಬಿಡಲೇನು?" ಎಂದ ಹೊಳೆಯಪ್ಪ, ಸ್ವಲ್ಪ ದೂರ ನಡೆದ ಮೇಲೆ. "ಹೊಳ್ಳಿ ಹೋಗಿ, ಎಲ್ಲಾರ ಮುಂದ ಹೇಳಿಬಿಡಲೇನು?"

"ಈಗ ಹೇಳಿದ್ರ ಕುಡದ ಅಮಲಿನಾಗ ಮಾತಾಡಾಕ ಹತ್ಯಾನ ಅಂತಾರ" ಎಂದಳು ಕರೆವ್ವ. "ಕುರುಡನ ಹೆಂಡತಿ ಆಗಿ ಒಂದು ದಿನನೂ ನಾಚಿಕಿ ಪಟ್ಟಾಕಿ ಅಲ್ಲ ನಾ. ನೀವು ನನ್ನ ಕುಡುಕನ ಹೆಂಡತಿ ಮಾಡಿದ್ರಿ."

 ಮನೆ ಮುಟ್ಟಿದ ಮೇಲೆ ಅವನು ಹಿತ್ತಲ ಬಾಗಿಲಿಗೆ ಬಂದು, ಹಗ್ಗ ತಡವಿ ಹಿಡಿದು, ಅದರ ಗುಂಟ ಲಾಯದ ಕಂಬದವರೆಗೆ ಹೋದ. ಕರೆವ್ವ ಅದರ ಮೇಲೆ ಒಣಹಾಕಿದ್ದ ಹಸಿ ಸೀರೆ ಮುಖಕ್ಕೆ ಹತ್ತಿತು. ಅದನ್ನು ಪಕ್ಕಕ್ಕೆ ಸರಿಸಿ, ಖಾಲಿ ಗೋದಲಿಯ ಅಂಚಿನ ಮೇಲೆ ಕೂತ. ಬಹಳ ಹೊತ್ತಿನ ಮೇಲೆ ಅವಳು ಊಟಕ್ಕೆ ಕರೆದಾಗ ಅದೇ ಹಗ್ಗ ಹಿಡಿದು ಒಳಗೆ ಬಂದ.